ಮುಷ್ನಿಯ ಬುರುಜಿನ ಬಿಸಿಯುಸಿರು

ನಮ್ಮ ಲೆಜ್ಗರಾ ಊರಿನಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಇದು ನನ್ನೊಬ್ಬನ ಮಾತಲ್ಲ, ಊರಿಗೆ ಊರೇ ಸಂತ ಗಿಯೋರ್ಗಿಯ ಪಟದ ಮೇಲೆ ಕೈಯಿಟ್ಟು ಹೇಳಿದ ಮಾತು.

ಸ್ವಾನೇತಿ ಸೀಮೆಯ ಬೆಟ್ಟದ ಮೇಲಿರುವ ನಮ್ಮಂಥವರ ಹತ್ತಿರ ಕರೆಂಟಿನ ಬಿಲ್ಲು ಯಾರೂ ಕೇಳುವುದಿಲ್ಲ. ಪುಕ್ಕಟೆ ಕರೆಂಟು ಸಿಕ್ಕಿದ ಮನುಷ್ಯ ಮೊದಲು ದೀಪ ಹಚ್ಚುತ್ತಾನೆ, ಆಮೇಲೆ ಒಲೆ ಹಚ್ಚುತ್ತಾನೆ, ಆಮೇಲೆ ಹಸುವಿಗೆ ಕುಡಿಯುವ ನೀರನ್ನೂ ಬಿಸಿ ಮಾಡುತ್ತಾನೆ. ಅಷ್ಟಾದರೂ ಇನ್ನೂ ಉಳಿದಿದೆಯಲ್ಲ ಎಂದು ಹೊಟ್ಟೆ ಉರಿದು ಕೊನೆಗೆ ಕ್ರಿಪ್ಟೋ ಯಂತ್ರ ತರುತ್ತಾನೆ. ಹಗಲು ರಾತ್ರಿ ಗುಂಯ್‌ಗುಟ್ಟುತ್ತಾ, ಬೆವರುವಷ್ಟು ಕಾಯುತ್ತಾ, ಕಣ್ಣಿಗೆ ಕಾಣದ ನಾಣ್ಯ ಹುಟ್ಟಿಸುವ ಕಂಪ್ಯೂಟರು ಅದು. ಹೋದ ಶರತ್ಕಾಲದಲ್ಲಿ ನಮ್ಮ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿ ಹೊಸದು ಕೂತ ಮರುದಿನ ವಿದ್ಯುತ್ ಕಚೇರಿಯಿಂದ ಝುರಾಬ್ ಎಂಬ ಅಧಿಕಾರಿ ಬಂದ. ಊರಿನ ನಡುವೆ ನಿಂತು ಕಿವಿ ನಿಮಿರಿಸಿದ.

"ಇದೇನ್ರೀ ಸದ್ದು, ಗುಂಯ್ ಅಂತ?"

"ನದಿ ಸ್ವಾಮಿ, ನಮ್ಮೂರ ನದಿ. ಇಡೀ ದಿನ ಹಿಂಗೇ ಬಡ್ಕೊಳ್ತಾ ಇರತ್ತೆ," ಎಂದ ಊರ ಹಿರಿಯ ತಾತಾಶ್.

ಝುರಾಬ್ ನದಿಯನ್ನು ನಂಬಿದಂತೆ ಕಾಣಲಿಲ್ಲ. ಯಂತ್ರಗಳು ನಿಲ್ಲದಿದ್ದರೆ ಮನೆಮನೆಗೂ ಮೀಟರು ಕೂರಿಸುತ್ತೇವೆ ಎಂದ. ಮೀಟರು ಎಂಬ ಹೆಸರು ಕೇಳಿದ್ದೇ ಗಂಡಸರು ಟೋಪಿ ತೆಗೆದರು, ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ಪಟ ತರಿಸಿ ಆಣೆ ಮಾಡುತ್ತೇವೆ ಎಂದು ತಾತಾಶ್ ಘೋಷಿಸಿದ.

ಪಟದ ಮೇಲಿನ ಆಣೆ ನಮ್ಮಲ್ಲಿ ಹುಡುಗಾಟವಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿದವನು ಸಂಜೆ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿ ಮಲಗಬಹುದು. ಪಟದ ಮೇಲೆ ಸುಳ್ಳಾಡಿದವನ ವಂಶವೇ ಉದ್ಧಾರವಾಗುವುದಿಲ್ಲ. ಹಾಗಾಗಿ ಯಾರೂ ಸುಳ್ಳಾಡಲಿಲ್ಲ, ಮಾತುಗಳನ್ನು ಮಾತ್ರ ಜೋಪಾನವಾಗಿ ಆರಿಸಿಕೊಂಡರು. ತಾತಾಶ್ "ನನ್ನ ಹೆಸರಲ್ಲಿ ಯಂತ್ರ ಇಲ್ಲ" ಎಂದ. ಕಣ್ಣು ಮಂಜಾದ ಬಾಬುತ್ಸಜ್ಜಿ "ನನ್ನ ಕಣ್ಣಿಗಂತೂ ಯಾವ ಯಂತ್ರಾನೂ ಕಂಡಿಲ್ಲ" ಎಂದಳು. ನಾನು "ನನ್ನ ಮನೆಯಲ್ಲಿ ಯಂತ್ರ ಇಲ್ಲ" ಎಂದೆ. ನಿಜವಾಗಿಯೂ ಇರಲಿಲ್ಲ. ಕೊಟ್ಟಿಗೆಯ ವಿಷಯ ಅಲ್ಲಿ ಯಾರೂ ಕೇಳಲಿಲ್ಲ.

ಆಣೆ ಮಾಡದೆ ಉಳಿದವನು ಒಬ್ಬನೇ, ನನ್ನ ಪಕ್ಕದ ಮನೆಯ ಮುಷ್ನಿ. ಆ ಪಟವನ್ನು ಬೀಗ ಹಾಕಿಟ್ಟಿರುವ ನಮ್ಮ ಚರ್ಚಿನ ಕೀಲಿಕೈ ಇರುವುದು ಅವನ ಮನೆತನದಲ್ಲಿ. ಮೊಳಕೈಯಷ್ಟು ಉದ್ದದ ಆ ಕಬ್ಬಿಣದ ಕೀಲಿಕೈಯನ್ನು ಅವನು ಕೊರಳಿಗೆ ನೇತುಹಾಕಿಕೊಂಡೇ ಉಣ್ಣುತ್ತಾನೆ, ಹುಲ್ಲು ಕೊಯ್ಯುತ್ತಾನೆ, ಮಲಗುತ್ತಾನೆ. ಆ ದಿನ ಎರಡೂ ಕೈಯಲ್ಲಿ ಪಟ ಹಿಡಿದು ನಿಂತಿದ್ದವನೂ ಅವನೇ ಆದ್ದರಿಂದ ಅವನ ಆಣೆ ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

"ನನ್ನ ಕೈ ಪಟದ ಕೆಳಗಿತ್ತು ಗೆನೋ, ಮೇಲಿರ್ಲಿಲ್ಲ. ಲೆಕ್ಕಕ್ಕೆ ಬರಲ್ಲ," ಎಂದು ಮುಷ್ನಿ ನನಗೆ ಗುಟ್ಟಾಗಿ ವಿವರಿಸಿದ. ಮರುವಾರವೇ ಕುತೈಸಿ ಪಟ್ಟಣದಲ್ಲಿರುವ ಭಾವಮೈದನಿಂದ ಹಳೆಯ ಯಂತ್ರವೊಂದನ್ನು ತರಿಸಿದ. ಅದನ್ನು ಹೊರಲು ಕರೆದದ್ದು ನನ್ನನ್ನೇ.

ನಮ್ಮಲ್ಲಿ ಮನೆಗೊಂದು ಕಲ್ಲಿನ ಬುರುಜಿದೆ. ಹಿಂದಿನವರು ವೈರಿಗಳಿಂದ ಬಚ್ಚಿಟ್ಟುಕೊಳ್ಳಲು ಕಟ್ಟಿದ್ದು. ಈಗ ವೈರಿಗಳಿಗೆ ಪುರುಸೊತ್ತಿಲ್ಲದೆ ಹುಲ್ಲು ತುಂಬುತ್ತೇವೆ. ಮುಷ್ನಿ ತನ್ನ ಬುರುಜಿನ ಮಹಡಿಯಲ್ಲಿ ಮರದ ಚೌಕಟ್ಟು ನಿಲ್ಲಿಸಿ ಆರು ಗ್ರಾಫಿಕ್ಸ್ ಕಾರ್ಡುಗಳನ್ನು ಸಾಲಾಗಿ ನೇತುಹಾಕಿದ. ಲೆಕ್ಕ ಮಾಡುವುದು ಆ ಕಾರ್ಡುಗಳು. ಪ್ರತಿ ಕಾರ್ಡಿನಿಂದಲೂ ಗೇಣುದ್ದದ ಒಂದೊಂದು ಕೇಬಲ್ಲು ಇಳಿದು ಕೆಳಗಿನ ಮದರ್‌ಬೋರ್ಡಿಗೆ ಸೇರುತ್ತದೆ. ಅದಕ್ಕೆ ರೈಸರ್ ಕೇಬಲ್ಲು ಎನ್ನುತ್ತಾರೆ. ನೋಡಲು ಬಡಪಾಯಿ, ಬುದ್ಧಿಯಲ್ಲಿ ಮದುವೆಮನೆಯ ಬೀಗರು. ಆರರಲ್ಲಿ ಒಂದು ಮುನಿಸಿಕೊಂಡರೆ ಇಡೀ ಯಂತ್ರ ಕೆಟ್ಟು ಕೂರುತ್ತದೆ. ಯಂತ್ರದ ಕಾವು ಹೊರಹೋಗಲೆಂದು ಮುಷ್ನಿ ಹಳೇ ಒಲೆಯ ತಗಡಿನ ಕೊಳವೆಯೊಂದನ್ನು ಬುರುಜಿನ ಕಿಂಡಿಗೆ ಸಿಕ್ಕಿಸಿದ. ಆ ಕಿಂಡಿ ಊರಿನ ದಾರಿಗೇ ಬಾಯಿ ತೆರೆದಿತ್ತೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಅವನ ತಲೆಗೆ ಏನಾದರೂ ಹೊಳೆಯುವ ಹೊತ್ತಿಗೆ ಊರಿನವರೆಲ್ಲ ಆ ವಿಷಯ ಮಾತಾಡಿ ಮರೆತಿರುತ್ತಾರೆ.

ಜನವರಿ ಬಂತು. ಊರೆಲ್ಲ ಸೊಂಟದವರೆಗೆ ಹಿಮ. ಮುಷ್ನಿಯ ಕಿಂಡಿಯ ಕೆಳಗೆ ಮಾತ್ರ ಚಾಪೆಯಗಲ ಹಸಿರು ಹುಲ್ಲು.

ಅದನ್ನು ಮೊದಲು ಕಂಡದ್ದು ಏನನ್ನೂ ಕಾಣದ ಬಾಬುತ್ಸಜ್ಜಿ. ಕೋಲೂರಿಕೊಂಡು ಹೋಗುತ್ತಿದ್ದವಳ ಮುಖಕ್ಕೆ ಮೇಲಿನಿಂದ ಬೆಚ್ಚನೆಯ ಗಾಳಿ ಬಡಿಯಿತು. ಅಜ್ಜಿ ಗೋಡೆಗೆ ಕಿವಿ ಕೊಟ್ಟಳು. ಒಳಗೆ ಗುಂಯ್ ಎನ್ನುತ್ತಿತ್ತು.

"ಅಯ್ಯೋ ನನ್ನಪ್ಪಾ! ಸಂತ ಗಿಯೋರ್ಗಿ ಉಸಿರಾಡ್ತಿದಾನೆ!"

ಸಂಜೆಯೊಳಗೆ ಅಲ್ಲಿ ಮೇಣದಬತ್ತಿಗಳು ನಿಂತವು. ಮಂಡಿನೋವಿನವರು ಬಂದು ಕಾಲು ಕಾಯಿಸಿಕೊಂಡರು, ಬೆನ್ನುನೋವಿನವರು ಗೋಡೆಗೆ ಬೆನ್ನು ಕೊಟ್ಟರು. ಎಲ್ಲರಿಗೂ ಗುಣವಾಯಿತು. ಚಳಿಗಾಲದಲ್ಲಿ ಬೆಚ್ಚಗೆ ಕೂತವರಿಗೆ ಗುಣವಾಗುವುದು ಮಹಾ ಪವಾಡವೆಂದು ಒಪ್ಪಲೇಬೇಕು.

ಮುಷ್ನಿ ಮೊದಲ ದಿನ ಹೆದರಿ ಅಟ್ಟದಲ್ಲಿ ಅಡಗಿದ. ಎರಡನೆಯ ದಿನ ಇಣುಕಿದ. ಆಮೇಲೆ ಗಡ್ಡ ಬಿಟ್ಟ. ನಡಿಗೆ ನಿಧಾನವಾಯಿತು, ದನಿ ಮೆತ್ತಗಾಯಿತು. ಬೆಳಿಗ್ಗೆ ಕಸ ಗುಡಿಸಲು ಹೇಳಿದರೆ ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಿದ್ದ.

"ನಿಮ್ಮ ಬುರುಜೇ ಯಾಕಪ್ಪ ಬೇಕಿತ್ತು ಸಂತನಿಗೆ?" ಎಂದು ತಾತಾಶ್ ಎಲ್ಲರೆದುರು ಕೇಳಿದ. ಅವನ ಮನೆತನಕ್ಕೆ ಆ ಕೀಲಿಕೈ ಮೇಲೆ ತಲೆಮಾರುಗಳಿಂದ ಕಣ್ಣು.

"ನಾನೇನು ಹೇಳ್ಲಿ ತಾತಾಶಜ್ಜ? ಕೀಲಿಕೈ ಎಲ್ಲಿದ್ಯೋ ಅವನೂ ಅಲ್ಲೇ," ಎಂದ ಮುಷ್ನಿ, ಪಕ್ಕದಲ್ಲೇ ಗುಣುಗುಡುತ್ತಿದ್ದ ಯಂತ್ರಕ್ಕೂ ನಾಚಿಕೆಯಾಗುವಂತೆ.

ತಾತಾಶ್ ತಲೆಯಾಡಿಸಿದ. ಮರುದಿನವೇ ಜಿಲ್ಲೆಯ ಹಿರಿಯ ಪಾದ್ರಿಗಳಿಗೆ ಫೋನು ಮಾಡಿ, ಬರುವ ಭಾನುವಾರ ಬಂದು ಪವಾಡವನ್ನು ಕಣ್ಣಾರೆ ನೋಡಬೇಕೆಂದು ಬೇಡಿಕೊಂಡ. "ಅಕಸ್ಮಾತ್ ಏನಾದ್ರೂ ಮೋಸ ಇದ್ರೆ ಕೀಲಿಕೈ ಯೋಗ್ಯರ ಮನೆಗೆ ಹೋಗ್ಲಿ, ನಮಗೇನು ದುರಾಸೆಯಿಲ್ಲ," ಎಂದು ಊರಿಗೆಲ್ಲ ಹೇಳಿದ. ಯೋಗ್ಯರ ಮನೆ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ, ಅವನು ತನ್ನ ಬಾಗಿಲಲ್ಲೇ ನಿಂತು ಹೇಳುತ್ತಿದ್ದ.

ಬುಧವಾರ ಬೆಳಿಗ್ಗೆ ಸಂತನ ಉಸಿರು ನಿಂತಿತು.

ಊರು ಬುರುಜಿನ ಬುಡದಲ್ಲಿ ಸೇರಿತು. ಮುಷ್ನಿಯ ಮುಖ ಹಿಮಕ್ಕಿಂತ ಬಿಳುಪಾಗಿತ್ತು. ಯಾರ ಪಾಪಕ್ಕೆ ಸಂತ ಮುನಿದನೆಂಬ ಗಂಭೀರ ಚರ್ಚೆ ಶುರುವಾಯಿತು. ಆದರೆ ಚರ್ಚೆ ಯಾಕೋ ಸ್ವಲ್ಪ ವಿಚಿತ್ರವಾಗಿ ಸಾಗಿತು.

"ಒಂದೇ ಸಲ ನಿಂತ್ಹೋಯ್ತಾ, ಇಲ್ಲಾ ಬಂದು ಬಂದು ಹೋಯ್ತಾ?" ಎಂದ ತಾತಾಶ್.

"ಬಂದು ಬಂದು ಹೋಯ್ತಜ್ಜ," ಎಂದ ಮುಷ್ನಿ.

"ಹಂಗಾದ್ರೆ ಎಲ್ಲೋ ಒಂದು ಕಡೆ ಸಡಿಲ ಆಗಿರತ್ತೆ," ಎಂದವನೇ ತಾತಾಶ್ ಜೋರಾಗಿ ಕೆಮ್ಮಿದ. "ಭಕ್ತಿ! ಭಕ್ತಿ ಸಡಿಲ ಆಗಿರತ್ತೆ."

"ಫ್ಯಾನ್ ತಿರುಗ್ತಿದ್ಯೇನೋ ಮಗಾ?" ಎಂದಳು ಬಾಬುತ್ಸಜ್ಜಿ.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಕಣ್ಣು ಮಂಜೆಂದು ನೆನಪಿಸಿಕೊಂಡು ಬೇರೆಲ್ಲೋ ನೋಡತೊಡಗಿದಳು. ನನಗೆ ಇಂಥ ವಿಷಯವೆಲ್ಲ ಹೇಗೆ ತಾನೆ ಗೊತ್ತಾಗಬೇಕು?

ಜನ ಕರಗಿದ ಮೇಲೆ ಮುಷ್ನಿ ನನ್ನ ತೋಳು ಹಿಡಿದು ಬುರುಜಿನೊಳಗೆ ಎಳೆದುಕೊಂಡು ಹೋದ. ಅವನ ಹೆಂಡತಿ ಲಮಾರಾ ಆಗಲೇ ಯಂತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಭಾನುವಾರದೊಳಗೆ ಇದು ಉಸಿರಾಡ್ಲಿಲ್ಲ ಅಂದ್ರೆ ಕೀಲಿಕೈ ಹೋಯ್ತು ಗೆನೋ," ಎಂದ ಮುಷ್ನಿ, ಕೊರಳಿನ ಕಬ್ಬಿಣವನ್ನು ಎರಡೂ ಕೈಯಿಂದ ಅಪ್ಪಿಕೊಂಡು. "ಅಪ್ಪ ಸಾಯೋವಾಗ ಇದೊಂದನ್ನೇ ನನ್ನ ಕೈಗೆ ಕೊಟ್ಟಿದ್ದು. 'ನೀನು ಬೇರೆ ಯಾವ್ದಕ್ಕೂ ಆಗಿ ಬರಲ್ಲ, ಇದನ್ನಾದ್ರೂ ಇಟ್ಕೋ' ಅಂದಿದ್ದ." ಅವನ ಕಣ್ಣಲ್ಲಿ ನೀರಿತ್ತು. ನನಗೂ ಒಂದು ಗಳಿಗೆ ಅಯ್ಯೋ ಅನ್ನಿಸಿತು.

ಅವನು ಮದ್ದು ಮಾಡುವ ರೀತಿ ನೋಡಿದ ಮೇಲೆ ಅಯ್ಯೋ ಅನ್ನಿಸುವುದು ನಿಂತಿತು. ಮೊದಲನೆಯ ಕಾರ್ಡು ಕಿತ್ತು ಮೂರನೆಯ ಜಾಗಕ್ಕೆ ಹಾಕಿದ. ಮೂರನೆಯ ಕೇಬಲ್ಲನ್ನು ಐದಕ್ಕೆ ಹಾಕಿದ. ಐದನೆಯದನ್ನು ಬಾಯಲ್ಲಿ ಊದಿ, ತೋಳಿಗೆ ಒರೆಸಿ, ತಿರುಗಿಸಿ ಮುರುಗಿಸಿ, ಎಲ್ಲಿಂದ ಕಿತ್ತೆನೆಂದು ಮರೆತು ನನ್ನ ಮುಖ ನೋಡಿದ. ಯಂತ್ರ ಒಮ್ಮೆ ಕಣ್ಣು ಬಿಟ್ಟು, ಇವನನ್ನು ಕಂಡು ಮತ್ತೆ ಮುಚ್ಚಿತು.

"ನೀನು ಕಾರ್ಡನ್ನೂ ಬದಲಾಯಿಸಿದೆ, ಕೇಬಲ್ಲನ್ನೂ ಬದಲಾಯಿಸಿದೆ, ಬೋರ್ಡಿನ ತೂತನ್ನೂ ಬದಲಾಯಿಸಿದೆ," ಎಂದಳು ಲಮಾರಾ. "ತಪ್ಪು ಯಾವ್ದರದ್ದು ಅಂತ ನಿನ್ನ ಸತ್ತ ಅಪ್ಪ ಬಂದು ಹೇಳ್ತಾನಾ ಮಾರಾಯ? ಈಚೆ ಬಾ."

ಲಮಾರಾ ಹೆಣಿಗೆಯ ಉಣ್ಣೆ ತಂದಳು. ಒಂದೇ ಕಾರ್ಡು, ಒಂದೇ ತೂತು ಇಟ್ಟುಕೊಂಡು ಕೇಬಲ್ಲುಗಳನ್ನು ಮಾತ್ರ ಒಂದಾದ ಮೇಲೊಂದು ಹಾಕಿ ನೋಡಿದಳು. ಯಂತ್ರ ಎದ್ದರೆ ಆ ಕೇಬಲ್ಲಿಗೆ ಬಿಳಿ ಉಣ್ಣೆ, ಏಳದಿದ್ದರೆ ಕೆಂಪು. ಮಧ್ಯಾಹ್ನದ ರೊಟ್ಟಿ ತಣ್ಣಗಾಗುವುದರೊಳಗೆ ಐದಕ್ಕೆ ಬಿಳಿ, ಒಂದಕ್ಕೆ ಕೆಂಪು ಬಿತ್ತು.

"ಈ ಕೆಂಪಿಂದು ಕೆಟ್ಟಿರೋದು. ಐದರಲ್ಲೇ ಓಡ್ಸೋಣ. ಸಂತನ ಉಸಿರು ಒಂಚೂರು ಸಣ್ಣಗೆ ಬಂದ್ರೂ ಪಾದ್ರಿಗಳು ಅಳತೆ ಹಿಡ್ಕೊಂಡು ಬರಲ್ಲ," ಎಂದು ಅವಳು ಹಾಲು ಕರೆಯಲು ಹೋದಳು.

ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಮುಷ್ನಿ ಕೆಳಗಿಳಿದು ಹೋಗಿ ಬಾಬುತ್ಸಜ್ಜಿಯ ಹತ್ತಿರ, ಯಾರೋ ಪರವೂರಿನವರ ವಿಷಯ ಎಂಬಂತೆ ಕೇಳಿದ: "ಅಜ್ಜೀ, ಪವಿತ್ರವಾದ ಜಾಗದಲ್ಲಿ ಕೆಂಪು ದಾರ ಕಟ್ಟಿದ್ರೆ ಏನಾದ್ರೂ ದೋಷಾನಾ?"

"ಮಾಟ ಕಣೋ ಅದು! ಮಾಟ!" ಎಂದು ಅಜ್ಜಿ ಮೂರು ಸಲ ಉಗಿದಳು. "ಕೆಂಪೋ ಬಿಳೀದೋ, ದಾರ ಕಂಡ್ರೆ ಮೊದ್ಲು ಕಿತ್ತೆಸೀಬೇಕು."

ಲಮಾರಾ ಹಾಲಿನ ಪಾತ್ರೆ ಹಿಡಿದು ಮೇಲೆ ಬಂದಾಗ ಉಣ್ಣೆಯೆಲ್ಲ ಒಲೆ ಸೇರಿಯಾಗಿತ್ತು. ಆರೂ ಕೇಬಲ್ಲುಗಳು ಒಂದೇ ಬುಟ್ಟಿಯಲ್ಲಿ, ಒಂದನ್ನೊಂದು ತಬ್ಬಿಕೊಂಡು ಅವಳಿ ಮಕ್ಕಳ ಹಾಗೆ ಮಲಗಿದ್ದವು. ಆಮೇಲೆ ಲಮಾರಾ ಆಡಿದ ಮಾತುಗಳನ್ನು ಬುರುಜು ಪವಿತ್ರ ಜಾಗವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಗಂಡ ಸಾಯಲಿ ಬದುಕಲಿ, ಇನ್ನು ಆ ಬುಟ್ಟಿಯನ್ನು ಮುಟ್ಟುವುದಿಲ್ಲ ಎಂಬುದು ಅದರ ಸಾರಾಂಶ.

ಭಾನುವಾರದವರೆಗೂ ಮುಷ್ನಿ ಒಬ್ಬನೇ ಕೇಬಲ್ಲು ಬದಲಾಯಿಸುತ್ತಾ ಕೂತ. ಯಂತ್ರ ಒಮ್ಮೆ ಓಡಿತು, ಒಮ್ಮೆ ನಿಂತಿತು. ಕೊನೆಗೆ ಅವನಿಗೆ ಭಯಂಕರವಾದ ಉಪಾಯವೊಂದು ಹೊಳೆಯಿತು. ಕೋಣೆ ಕಾಯಿಸುವ ದೊಡ್ಡ ಹೀಟರನ್ನು ಕೊಳವೆಯ ಹಿಂದೆ ನಿಲ್ಲಿಸಿದ. ಯಂತ್ರ ಕೈಕೊಟ್ಟರೂ ಹೀಟರು ಸಂತನ ಮಾನ ಉಳಿಸುತ್ತದೆ, ಎರಡೂ ನಡೆದರೆ ಪವಾಡ ಡಬಲ್ಲು.

"ಭಾನುವಾರ ಊಟದಲ್ಲಿ ಮೂರನೇ ಬಟ್ಟಲೆತ್ತಿ, ಸಂತ ಗಿಯೋರ್ಗಿಯ ಹೆಸರು ಹೇಳ್ತಿದ್ದ ಹಂಗೇ ನಾನು ಜೋರಾಗಿ ಕೂಗ್ತೀನಿ. ನೀನು ಸ್ವಿಚ್ ಒತ್ತು," ಎಂದು ಲಮಾರಾಳ ಕಾಲು ಹಿಡಿದ. ಅವಳು ಒಪ್ಪಿಕೊಂಡಳು. ಅದಕ್ಕೆ ಕಾರಣ ಪ್ರೀತಿಯೋ ಕೆಟ್ಟ ಕುತೂಹಲವೋ ನನಗೆ ತಿಳಿಯದು.

ಪಾದ್ರಿಗಳ ಜೀಪು ಮಧ್ಯಾಹ್ನ ಬಂತು. ಬೆಟ್ಟದ ದಾರಿ ಅಂದು ತೆರೆದಿದೆಯೆಂದು ಅದೇ ಜೀಪಿನಲ್ಲಿ ಜಾಗ ಹಿಡಿದು ವಿದ್ಯುತ್ ಕಚೇರಿಯ ಝುರಾಬನೂ ಇಳಿದ. ಅವನನ್ನು ಕಂಡ ಕೂಡಲೇ ಊರಿನವರ ಭಕ್ತಿ ಒಂದು ತೂಕ ಇಳಿಯಿತು.

ಬುರುಜಿನ ಬುಡದಲ್ಲಿ ಮೇಜು ಹಾಕಿ, ಮಾಂಸ ತುಂಬಿದ ಬಿಸಿ ಕುಬ್ದಾರಿ ರೊಟ್ಟಿಗಳನ್ನು ಅಟ್ಟಿಯಿಟ್ಟು, ಮನೆಯಲ್ಲಿ ಬಟ್ಟಿಯಿಳಿಸಿದ ಸಾರಾಯಿ ಸುರಿದದ್ದಾಯಿತು. ತಾತಾಶ್ ಎದ್ದು ದೇವರ ಹೆಸರಿನಲ್ಲಿ ಮೊದಲ ಬಟ್ಟಲೆತ್ತಿದ. ದೇವದೂತರ ಹೆಸರಿನಲ್ಲಿ ಎರಡನೆಯದು. ಮೂರನೆಯದಕ್ಕೆ ಎಲ್ಲರೂ ಟೋಪಿ ತೆಗೆದು ಕಿಂಡಿಯ ಕಡೆ ಮುಖ ಮಾಡಿದರು.

"ಸಂತ ಗಿಯೋರ್ಗಿಗೆ!" ಎಂದು ಮುಷ್ನಿ ಆಚೆ ಕಣಿವೆಗೂ ಕೇಳುವಂತೆ ಅರಚಿದ.

ಕಿಂಡಿಯಿಂದ ಗಾಳಿ ಬಂತು. ಬೆಚ್ಚಗಲ್ಲ, ಬಿಸಿಬಿಸಿ ಬಂತು. ಪಾದ್ರಿಗಳ ಗಡ್ಡ ಭುಜದ ಮೇಲೆ ಹಾರಿತು. ಬಾಬುತ್ಸಜ್ಜಿ ಮಂಡಿಯೂರಿದಳು. ಮುಷ್ನಿ ಕಣ್ಣು ಮುಚ್ಚಿ ಕೈ ಜೋಡಿಸಿದ. ಅಷ್ಟರಲ್ಲಿ ಊರಿನ ತುದಿಯ ಕಂಬದ ಮೇಲೆ ಢಂ ಎಂದು ಸದ್ದಾಗಿ, ಟ್ರಾನ್ಸ್‌ಫಾರ್ಮರಿನಿಂದ ನೀಲಿ ಕಿಡಿ ಹಾರಿ, ಕರೆಂಟು ಹೋಯಿತು.

ಆಮೇಲೆ ಊರಿನಲ್ಲಿ ಹಿಂದೆಂದೂ ಕೇಳದಂಥ ನಿಶ್ಶಬ್ದ ಹರಡಿತು.

ಮುಷ್ನಿಯ ಬುರುಜು ಸುಮ್ಮನಾದದ್ದು ಸರಿ. ತಾತಾಶನ ನೆಲಮಾಳಿಗೆಯೂ ಸುಮ್ಮನಾಯಿತು. ಬಾಬುತ್ಸಜ್ಜಿಯ ಹಿತ್ತಿಲ ಮನೆ ಸುಮ್ಮನಾಯಿತು. ಮೇಲಿನ ಕೇರಿ, ಕೆಳಗಿನ ಕೇರಿ, ಹುಲ್ಲಿನ ಅಟ್ಟಗಳು, ಗಿರಣಿ ಎಲ್ಲ ಸುಮ್ಮನಾದವು. ಕೊಟ್ಟಿಗೆಗಳೂ ಸುಮ್ಮನಾದವು. ಯಾರ ಕೊಟ್ಟಿಗೆ ಎಂಬುದು ಈಗ ಬೇಡ. ಶರತ್ಕಾಲದಿಂದ ಕಿವಿಯಲ್ಲೇ ಮನೆ ಮಾಡಿಕೊಂಡಿದ್ದ ಗುಂಯ್ ಎಂಬ ಸದ್ದು ಪೂರ್ತಿ ಮಾಯವಾಗಿ, ಪಾದ್ರಿಗಳು ರೊಟ್ಟಿ ಅಗಿಯುವುದು ಎಲ್ಲರಿಗೂ ಕೇಳಿಸಿತು.

ಝುರಾಬ್ ಬಟ್ಟಲನ್ನು ಮೇಜಿನ ಮೇಲಿಟ್ಟ.

"ಹಿರಿಯರೇ, ಕರೆಂಟ್ ಹೋದ್ರೆ ನಿಮ್ಮೂರ ನದಿ ಯಾಕೆ ನಿಂತ್ಹೋಗತ್ತೆ?"

ತಾತಾಶ್ ಕಣಿವೆಯ ಕಡೆ ನೋಡಿದ. ನದಿ ಡಿಸೆಂಬರಿನಲ್ಲೇ ಹೆಪ್ಪುಗಟ್ಟಿತ್ತು. "ನದೀಗೂ ವಯಸ್ಸಾಯ್ತು ಸ್ವಾಮಿ," ಎಂದ.

"ಆಣೆ ಮಾಡಿದ್ರಲ್ಲ?"

"ಆಣೆ ಮಾಡಿದ್ದು ನಿಜ," ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಆ ಮಾತಿನಲ್ಲಂತೂ ಸುಳ್ಳಿರಲಿಲ್ಲ.

"ಹಾಗಾದರೆ ಇನ್ನೊಂದು ಸಲ ಮಾಡಲಿ," ಎಂದರು ಪಾದ್ರಿಗಳು ಗಡ್ಡ ನೇವರಿಸಿಕೊಳ್ಳುತ್ತಾ. ಅವರೂ ಬೆಟ್ಟದವರೇ, ನಮ್ಮ ಸತ್ಯದ ಪರಿಚಯ ಅವರಿಗೆ ಚೆನ್ನಾಗಿತ್ತು. "ಈ ಸಲ ಮಾತು ನಾನು ಹೇಳಿಕೊಡ್ತೀನಿ. ನನ್ನ ಮನೆ, ಅಟ್ಟ, ನೆಲಮಾಳಿಗೆ, ಕೊಟ್ಟಿಗೆ, ಬುರುಜು, ಹಿತ್ತಿಲು, ಗಿರಣಿ ಎಲ್ಲೂ ಯಂತ್ರ ಇಲ್ಲ. ನನ್ನ ಹೆಸರಲ್ಲಿಲ್ಲ, ಹೆಂಡತಿ ಹೆಸರಲ್ಲಿಲ್ಲ, ಸೊಸೆ ಹೆಸರಲ್ಲಿಲ್ಲ. ಕಣ್ಣಿಗೆ ಕಂಡಿಲ್ಲ, ಕಿವಿಗೆ ಕೇಳಿಲ್ಲ, ಕೈಗೆ ಸಿಕ್ಕಿಲ್ಲ. ಪಟ ಹಿಡಿದವನೂ ಸೇರಿ. ಹ್ಞೂಂ, ಚರ್ಚಿನ ಬಾಗಿಲು ತೆಗೀರಿ."

ಇಡೀ ಊರು ಚಳಿಯಲ್ಲೂ ಬೆವರಿತು. ಸುಳ್ಳಾಡಿದರೆ ವಂಶ ಹೋಗುತ್ತದೆ, ನಿಜ ಹೇಳಿದರೆ ಮೀಟರು ಬರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಭಯಂಕರವೆಂದು ಎಲ್ಲರೂ ಮನಸ್ಸಿನಲ್ಲೇ ತೂಗುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಎಲ್ಲರ ಕಣ್ಣೂ ಮುಷ್ನಿಯ ಮೇಲೆ ಬಿತ್ತು.

ಮುಷ್ನಿ ಅಂಗಿಯ ಮೇಲೆ ಕೈಯಾಡಿಸಿದ.

"ಕೀಲಿಕೈ ಕಳೆದ್ಹೋಗಿದೆ," ಎಂದ.

ಕೀಲಿಕೈ ಅವನ ಕೊರಳಿನಲ್ಲೇ ಇತ್ತು. ಅಂಗಿಯೊಳಗಿಂದ ಉಬ್ಬಿ, ಅದರ ಹಿಡಿ ಗುಂಡಿಗಳ ನಡುವೆ ತೂರಿ, ಗಡ್ಡದ ಕೆಳಗೆ ಹೊಳೆಯುತ್ತಿತ್ತು. ಸುತ್ತ ನಿಂತ ಪ್ರತಿಯೊಬ್ಬರಿಗೂ ಕಾಣುತ್ತಿತ್ತು. ಎಲ್ಲರಿಗಿಂತ ಹತ್ತಿರ ನಿಂತಿದ್ದವನು ತಾತಾಶ್.

ತಾತಾಶನ ಕಣ್ಣು ಆ ಹಿಡಿಯ ಮೇಲೆಯೇ ನೆಟ್ಟಿತು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಬಯಸಿ ಬಯಸಿ ಸತ್ತ ಕೀಲಿಕೈ ಅದು. ಬೆರಳು ಮಾಡಿ ತೋರಿಸಿದರೆ ಸಾಕು, ಆ ಗಳಿಗೆಯಲ್ಲೇ ಅವನ ಮನೆಗೆ ಬರುತ್ತಿತ್ತು. ಅವನ ಬೆರಳು ಅರ್ಧ ಮೇಲೆದ್ದಿತು.

"ಹೌದು," ಎಂದ ತಾತಾಶ್, ಆ ಬೆರಳಿನಿಂದ ಮೂಗು ಕೆರೆದುಕೊಂಡು. "ಕಳೆದ್ಹೋಗಿದೆ. ಏನ್ರೋ ನೋಡ್ತಾ ನಿಂತಿದೀರ? ಹುಡುಕ್ರೋ!"

ಅಂಥ ಹುಡುಕಾಟವನ್ನು ನಮ್ಮ ಬೆಟ್ಟ ಕಂಡಿರಲಿಲ್ಲ. ಹಿಮ ಬಗೆದರು, ಹುಲ್ಲು ಜಾಲಾಡಿದರು, ಹಸುವಿನ ಬಾಯಿ ತೆರೆದು ನೋಡಿದರು. ಮುಷ್ನಿಯೇ ಎಲ್ಲರಿಗಿಂತ ಮುಂದೆ ಬಗ್ಗಿ ಹುಡುಕುತ್ತಿದ್ದ, ಬಗ್ಗಿದಾಗಲೆಲ್ಲ ಕೀಲಿಕೈ ಕೊರಳಲ್ಲಿ ಗಂಟೆಯಂತೆ ತೂಗುತ್ತಿತ್ತು.

"ಅಲ್ವೋ, ನನ್ನ ಕಣ್ಣಿಗೇ ಕಾಣ್ತಿದ್ಯಲ್ರೋ, ಅವನ ಕುತ್ತಿಗೇಲಿ..." ಎಂದು ಬಾಬುತ್ಸಜ್ಜಿ ಶುರುಮಾಡಿದಳು. ಯಾರೋ ಅವಳ ಬಾಯಿಗೆ ಕುಬ್ದಾರಿ ತುರುಕಿದರು. ಯಾರೋ ಎಂದರೆ ನಾನೇ.

ದಾರಿ ಮುಚ್ಚುವುದರೊಳಗೆ ಇಳಿಯಬೇಕೆಂದು ಜೀಪಿನವನು ಹಾರ್ನ್ ಬಡಿದ. ಝುರಾಬ್ ಹಲ್ಲು ಕಡಿಯುತ್ತಾ ಹತ್ತಿ ಕೂತ. "ಕೀಲಿಕೈ ಸಿಕ್ಕಿದ ದಿನ ಫೋನು ಮಾಡಿ. ಅವತ್ತೇ ಬರ್ತೀನಿ, ಆಣೆ ಮಾಡಿಸ್ತೀನಿ. ಅಲ್ಲೀತನಕ ಟ್ರಾನ್ಸ್‌ಫಾರ್ಮರ್ ರಿಪೇರಿ ನಿಮ್ಮ ಖರ್ಚು," ಎಂದ. ಪಾದ್ರಿಗಳು ಮಾತ್ರ ಮುಷ್ನಿಯ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಹುಷಾರು ಮಗನೇ. ಕಳೆದ್ಹೋದ ವಸ್ತು ಕೊರಳಿಗೆ ಭಾರ. ಮಲಗುವಾಗ ತೆಗೆದಿಡು."

ಅಂದು ಯಾರೂ ಮುಷ್ನಿಗೆ ಕೃತಜ್ಞತೆ ಹೇಳಲಿಲ್ಲ. ಹೇಳಿದರೆ ಯಾವುದಕ್ಕೆಂದು ಹೇಳಬೇಕಾಗುತ್ತಿತ್ತು. ಆದರೆ ಕಂಬದ ಮೇಲೆ ಹೊಸ ಟ್ರಾನ್ಸ್‌ಫಾರ್ಮರು ಏರಿದ ಮರುದಿನ ಲಮಾರಾ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ಗಿಣ್ಣಿನ ಬಟ್ಟೆಯಲ್ಲಿ ಸುತ್ತಿದ ಸಣ್ಣ ಸಣ್ಣ ಗಂಟುಗಳ ರಾಶಿಯಿತ್ತು. ಬಿಚ್ಚಿದರೆ ಒಳಗೆಲ್ಲ ರೈಸರ್ ಕೇಬಲ್ಲುಗಳು. ಒಂದರಿಂದ ಸಾರಾಯಿಯ ವಾಸನೆ, ಇನ್ನೊಂದರಿಂದ ಬಾಬುತ್ಸಜ್ಜಿಯ ನಶ್ಯದ ವಾಸನೆ. ತಾತಾಶನ ಗಂಟು ಎಲ್ಲಕ್ಕಿಂತ ದೊಡ್ಡದಾಗಿತ್ತು.

ನಾಲ್ಕು ದಿನ ಕಳೆದಿರಲಿಲ್ಲ, ಮುಷ್ನಿ ಕೆಂಡವಾಗಿ ನನ್ನ ಅಂಗಳಕ್ಕೆ ನುಗ್ಗಿದ. ಕೈಯಲ್ಲೊಂದು ಕೇಬಲ್ಲು.

"ಯಾವ ಪುಣ್ಯಾತ್ಮ ಗೆನೋ ಇದನ್ನ ಕೊಟ್ಟಿದ್ದು? ಕೆಟ್ಟು ಕೆರ ಹಿಡಿದಿರೋ ಕೇಬಲ್ಲು! ನಾನು ಇಡೀ ಊರನ್ನ ಉಳಿಸಿದೀನಿ, ನಂಗೇ ಮೋಸ! ಬಿಡಲ್ಲ. ಈಗ್ಲೇ ಎಲ್ಲರನ್ನೂ ಸೇರಿಸ್ತೀನಿ, ಒಬ್ಬೊಬ್ಬರ ಹತ್ರಾನೂ ಪಟದ ಮೇಲೆ ಆಣೆ ಮಾಡಿಸ್ತೀನಿ!"

ನಾನು ಕೊಟ್ಟಿಗೆಯ ಬಾಗಿಲನ್ನು ಬೆನ್ನಿನಿಂದ ಮೆಲ್ಲಗೆ ದೂಡಿ ಮುಚ್ಚಿದೆ.

"ಮಾಡ್ಸಪ್ಪ," ಎಂದೆ. "ಆದ್ರೆ ಚರ್ಚಿನ ಕೀಲಿಕೈ ಕಳೆದ್ಹೋಗಿದ್ಯಲ್ಲ?"

ಮುಷ್ನಿ ಕೊರಳಿನ ಕೀಲಿಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ "ಹೌದಲ್ವಾ," ಎಂದು ಗೊಣಗಿ, ಕೆಟ್ಟ ಕೇಬಲ್ಲನ್ನು ನನ್ನ ಕೈಗೇ ಕೊಟ್ಟು ಮನೆಗೆ ಹೋದ.